ಎಡಗಡೆಯ ಪಿಸ್ಟನ್

ಆ ಮನೆಯಲ್ಲಿ ಅಪ್ಪನೂ ಮಗನೂ ಮಾತು ಬಿಟ್ಟು ಒಂದಿಡೀ ರೇಸಿನ ಸೀಸನ್ ಕಳೆದಿತ್ತು. ಮಾತು ಬಿಟ್ಟವರಿಗೇನು, ಹಾಯಾಗಿ ಮುಖ ಊದಿಸಿಕೊಂಡು ಕೂರುತ್ತಾರೆ. ಹೆಣಗುವವರು ನಡುವೆ ಸಿಕ್ಕಿಕೊಂಡವರು. ಇಲ್ಲಿ ಸಿಕ್ಕಿಕೊಂಡವಳು ಕಿರಿಮಗಳು. ಚಿಕ್ಕಂದಿನಲ್ಲಿ ಒಂದು ಕಡೆ ನಿಂತವಳಲ್ಲ ಎಂದು ಎಲ್ಲರೂ ಅವಳನ್ನು ಚೂಟಿ ಎಂದು ಕರೆದರು, ಅದೇ ಉಳಿದುಕೊಂಡಿತು. ನಾಲ್ಕು ಚಕ್ರದ ರೇಸಿನ ಕ್ವಾಡ್ ಓಡಿಸುವವಳು ಅವಳು. ಅದರ ಎಂಜಿನ್ ನೋಡಿಕೊಳ್ಳುವವರು ಅಪ್ಪ ಮತ್ತು ಅಣ್ಣ.

ಜಗಳದ ಮೂಲ ಕೇಳಿದರೆ ನಗು ಬರುತ್ತದೆ. ಕಳೆದ ಸೀಸನ್ನಿನ ಮೊದಲ ರೇಸಿನಲ್ಲಿ ಚೈನು ಕಳಚಿತು. "ಸ್ಪ್ಯಾನರ್ ಹಿಡಿಯೋದು ಹೇಗೆ ಅಂತ ಇವನಿಗೆ ಯಾರಾದ್ರೂ ಹೇಳಿಕೊಡ್ರಪ್ಪಾ" ಎಂದು ಅಪ್ಪ ಹತ್ತು ಜನರ ಮುಂದೆ ಅಂದುಬಿಟ್ಟರು. ಮಗ ಸ್ಪ್ಯಾನರನ್ನು ನೆಲಕ್ಕೆ ಬಿಸಾಕಿ ನಡೆದ. ಆಮೇಲೆ ಶುರುವಾಯಿತು ನೋಡಿ: "ನಿಮ್ಮಪ್ಪಂಗೆ ಹೇಳು", "ನಿಮ್ಮಣ್ಣಂಗೆ ಹೇಳು". ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಅಪ್ಪನ ಕೈಯಿಂದ ಮಗನ ಕೈಗೆ ಹೋಗಬೇಕಾದರೂ ಚೂಟಿಯ ಕೈ ಹಾದು ಹೋಗಬೇಕು. ಇಬ್ಬರ ಹಟವೂ ಒಂದೇ ಅಚ್ಚು. ಅದನ್ನು ಹೇಳಿದರೆ ಇಬ್ಬರಿಗೂ ಒಟ್ಟಿಗೇ ಸಿಟ್ಟು.

ಹೀಗಿರುವಾಗ ಕ್ವಾಡಿನ ಎರಡೂ ಸಿಲಿಂಡರುಗಳು ಸವೆದು ಕೂತವು. ಆ ಮಾದರಿಯ ಹೊಸವು ಎಲ್ಲೂ ಸಿಗಲಿಲ್ಲ. ಮಣ್ಣುಹಾದಿಯಲ್ಲಿ ಓಡುವ ಡರ್ಟ್ ಬೈಕಿನ ಎರಡು ಸಿಲಿಂಡರುಗಳನ್ನು ಅಕ್ಕಪಕ್ಕ ಕೂರಿಸೋಣವೆಂಬ ಯೋಚನೆ ಯಾರಿಗೆ ಮೊದಲು ಬಂತೋ, ಇಬ್ಬರೂ ತನಗೇ ಅನ್ನುತ್ತಾರೆ. ಲೇತ್ ಅಂಗಡಿಯಲ್ಲಿ ದಪ್ಪ ಅಲ್ಯೂಮಿನಿಯಂ ಪ್ಲೇಟ್ ಕೊರೆಸಿ, ನೀರು ಹರಿಯುವ ತೂತುಗಳನ್ನು ಹೊಂದಿಸಿ, ಬೋಲ್ಟುಗಳ ಜಾಗ ಬದಲಿಸಿ ಅಡಿಪಾಯ ಸಿದ್ಧವಾಯಿತು. ಮನೆಯ ಹಿಂದಿನ ಶೆಡ್ಡಿನಲ್ಲಿ ಅಪ್ಪ ಬೆಳಿಗ್ಗೆ ಕೆಲಸ ಮಾಡುವರು. ಅಣ್ಣ ಕೆಲಸದಿಂದ ಬಂದು ಸಂಜೆ ಮಾಡುವನು. ಎಡಗಡೆಯ ಸಿಲಿಂಡರ್ ಅಪ್ಪನದು, ಬಲಗಡೆಯದು ಅಣ್ಣನದು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಕೇಳುವಂತೆಯೂ ಇಲ್ಲ. ಒಂದೇ ಎಂಜಿನ್ನಿಗೆ ಮಾತಿಲ್ಲದ ಇಬ್ಬರು ಮೆಕ್ಯಾನಿಕ್‌ಗಳು. ಇಂಥ ಗಾಡಿಯ ಮೇಲೆ ಕೂರಲು ಒಪ್ಪಿದ ತನ್ನ ಬುದ್ಧಿಗೂ ಒಂದಿಷ್ಟು ಗ್ರೀಸ್ ಹಚ್ಚಬೇಕು ಎಂದು ಚೂಟಿ ಅಂದುಕೊಳ್ಳುತ್ತಿದ್ದಳು.

ರೇಸಿನ ಹಿಂದಿನ ದಿನ ಮಧ್ಯಾಹ್ನ ಹೊಗೆ ಕೊಳವೆ ಜೋಡಿಸುವ ಕೆಲಸ ಅವಳ ಪಾಲಿಗೆ ಬಂತು. ಕೊಳವೆ ಕೂರಿಸುವ ಮುಂಚೆ ಹೊಗೆ ಹೊರಬರುವ ಕಿಂಡಿಗೆ ಟಾರ್ಚ್ ಬಿಟ್ಟು ನೋಡುವುದು ಅವಳ ಅಭ್ಯಾಸ. ಬಲಗಡೆಯದರೊಳಗೆ ಇಣುಕಿದಳು. ಪಿಸ್ಟನ್ ನುಣ್ಣಗಿತ್ತು, ಅದರ ಸುತ್ತಿನ ರಿಂಗು ಗೆರೆ ಎಳೆದಂತೆ ಕೂತಿತ್ತು. ಎಡಗಡೆಯದರೊಳಗೆ ಇಣುಕಿದಳು. ರಿಂಗಿನ ಎರಡು ತುದಿಗಳು ಕೂಡುವ ಸಂದು ಕಿಂಡಿಯ ನಟ್ಟನಡುವೆ ಕಾಣುತ್ತಿತ್ತು.

ಅವಳು ಟಾರ್ಚನ್ನು ಇನ್ನೂ ಹತ್ತಿರ ತಂದು ಮತ್ತೊಮ್ಮೆ ನೋಡಿದಳು. ರಿಂಗಿನ ಸಂದು ಯಾವಾಗಲೂ ಕಿಂಡಿಗೆ ಬೆನ್ನು ಹಾಕಿರಬೇಕು. ಎದುರಾದರೆ, ಓಡುವಾಗ ತುದಿಗಳು ಕಿಂಡಿಯೊಳಗೆ ಚಿಮ್ಮಿ ಸಿಕ್ಕಿಕೊಳ್ಳುತ್ತವೆ, ರಿಂಗು ಮುರಿಯುತ್ತದೆ, ಎಂಜಿನ್ ಹಿಡಿದು ನಿಲ್ಲುತ್ತದೆ. ಪೂರ್ತಿ ವೇಗದಲ್ಲಿ ಎಂಜಿನ್ ಹಿಡಿದರೆ ಹಿಂದಿನ ಚಕ್ರಗಳೂ ಹಿಡಿಯುತ್ತವೆ. ಮೇಲೆ ಕೂತವಳು ಎಲ್ಲಿ ಹೋಗಿ ಬೀಳುತ್ತಾಳೆಂಬುದು ಅವಳ ಹಣೆಬರಹ.

ಆದದ್ದೇನೆಂದು ತಿಳಿಯಲು ಅವಳಿಗೆ ಹೊತ್ತು ಬೇಕಾಗಲಿಲ್ಲ. ಪಿಸ್ಟನ್ನಿನ ತಲೆಯ ಮೇಲೆ ಒಂದು ಬಾಣದ ಗುರುತಿರುತ್ತದೆ, ಅದು ಹೊಗೆ ಹೋಗುವ ಕಡೆಗಿರಬೇಕು. ಹೊಗೆ ಮುಂದಕ್ಕೆ ಹೋಗುವುದೇ ವಾಡಿಕೆ. ಅಪ್ಪ ಮೊನ್ನೆ ಬೆಳಿಗ್ಗೆ ಎಡಗಡೆಯ ಪಿಸ್ಟನ್ನನ್ನು ಬಾಣ ಮುಂದಿಟ್ಟು ಹಾಕಿದ್ದರು. ಅದೇ ಸಂಜೆ ಅಣ್ಣನಿಗೆ ಹೊಸ ಹುರುಪು ಬಂತು: ಸಿಲಿಂಡರನ್ನೇ ಹಿಂದುಮುಂದು ತಿರುಗಿಸಿದರೆ ಕೊಳವೆ ನೇರ ಹಿಂದಕ್ಕೆ ಹೋಗುತ್ತದಲ್ಲ! ತನ್ನ ಬಲಗಡೆಯ ಸಿಲಿಂಡರನ್ನು ತಿರುಗಿಸಿ, ಪಿಸ್ಟನ್ನಿನ ಬಾಣವನ್ನೂ ಹಿಂದಿಟ್ಟು ಕೂರಿಸಿ ಹೋದ. ಮರುದಿನ ಅಪ್ಪ ಬಂದು, ಬಲಗಡೆಯದು ತಿರುಗಿದ್ದು ಕಂಡು ಗೊಣಗಿ, ಎಡಗಡೆಯ ಸಿಲಿಂಡರನ್ನೂ ಹಾಗೇ ತಿರುಗಿಸಿ ಇಳಿಸಿದರು. ಒಳಗಿದ್ದ ಪಿಸ್ಟನ್ ಹಿಂದಿನ ದಿನ ತಾವೇ ಹಾಕಿದ್ದು, ಅದರ ಬಾಣ ಮುಂದಕ್ಕೇ ಉಳಿಯಿತು. ತಮ್ಮ ಕೆಲಸವನ್ನು ತಾವೇ ಮತ್ತೆ ನೋಡುವ ಪೈಕಿ ಅಲ್ಲ ಅವರು.

ಚೂಟಿಗೆ ಪಿತ್ತ ನೆತ್ತಿಗೇರಿತು. ಮೇಲೆ ಮುಚ್ಚಳದಂತೆ ಕೂತಿದ್ದ ಹೆಡ್ ಬಿಚ್ಚಿ ಎಡಗಡೆಯ ಸಿಲಿಂಡರನ್ನು ಕಿತ್ತು ಬೆಂಚಿನ ಮೇಲೆ ಕುಕ್ಕಿದಳು. ಅಣ್ಣ ಕೆಲಸದಿಂದ ಬರುವುದನ್ನೇ ಕಾದು ಇಬ್ಬರನ್ನೂ ಶೆಡ್ಡಿಗೆ ಕರೆದಳು. ಬಾಣದ ಮೇಲೆ ಟಾರ್ಚ್ ಬಿಟ್ಟು ತೋರಿಸಿದಳು.

ಅಪ್ಪನ ಮುಖ ಕಪ್ಪಿಟ್ಟಿತು. ಆದರೆ ಬಾಯಿ ಸುಮ್ಮನಿರಬೇಕಲ್ಲ. "ಸಿಲಿಂಡರ್ ತಿರುಗಿಸಿದವನು ಒಂದು ಮಾತು ಹೇಳ್ಬೇಕಿತ್ತು ಅಂತ ನಿಮ್ಮಣ್ಣಂಗೆ ಹೇಳು."

"ಕಿಂಡಿ ಹಿಂದಕ್ಕಿದೆ ಅಂತ ಕಣ್ಣಿಗೆ ಕಾಣಲ್ವಾ ಅಂತ ನಿಮ್ಮಪ್ಪನ್ನ ಕೇಳು" ಎಂದ ಅಣ್ಣ, ಗೋಡೆಯ ಕಡೆ ನೋಡುತ್ತಾ.

"ನಿಮ್ಮಪ್ಪ ಅಂತೆ! ನಿನ್ನನ್ನೇನು ಸಂತೆಯಿಂದ ತಂದ್ರಾ?" ಚೂಟಿ ಕೂಗಿದಳು. "ನಾನು ಯಾರಿಗೂ ಏನೂ ಹೇಳಲ್ಲ. ಪಿಸ್ಟನ್ ತಿರುಗಿಸಿ, ಸಿಲಿಂಡರ್ ಇಳಿಸಿ. ನೀವಿಬ್ರೇ. ಇನ್ನು ನಾನು ಇದನ್ನ ಮುಟ್ಟಲ್ಲ, ಇಳಿಸದಿದ್ರೆ ಇದರ ಮೇಲೆ ಕೂರೋದೂ ಇಲ್ಲ."

ಬಾಗಿಲಿಗೆ ಬೆನ್ನು ಕೊಟ್ಟು ಕೈ ಕಟ್ಟಿ ನಿಂತಳು. ಹೊರಗೆ ಹೋಗಲು ಬೇರೆ ದಾರಿಯಿರಲಿಲ್ಲ.

ಅಣ್ಣ ಹಲ್ಲು ಕಡಿಯುತ್ತಾ ಪಿಸ್ಟನ್ನನ್ನು ಬಾಣ ಹಿಂದಕ್ಕೆ ಬರುವಂತೆ ತಿರುಗಿಸಿ ಹಾಕಿದ. ಮುಂದಿನದು ಒಬ್ಬರಿಂದ ಆಗುವ ಕೆಲಸವಲ್ಲ, ಇಷ್ಟು ದಿನ ಇಬ್ಬರಿಗೂ ಸಿಲಿಂಡರ್ ಎತ್ತಿ ಹಿಡಿದುಕೊಟ್ಟವಳು ಚೂಟಿ. ಒಬ್ಬರು ಸಿಲಿಂಡರನ್ನು ಮೇಲೆ ಹಿಡಿದಿರಬೇಕು, ಇನ್ನೊಬ್ಬರು ಕೆಳಗೆ ರಿಂಗನ್ನು ಬೆರಳಿನಿಂದ ಅದುಮಿ ಒಳಗೆ ಬಿಡಬೇಕು. ಅಪ್ಪ ಸಿಲಿಂಡರ್ ಎತ್ತಿದರು. ಅಣ್ಣ ಬೆರಳು ಹಾಕಿದ. ಅಪ್ಪ ತುಸು ಬೇಗ ಇಳಿಸಿದರು. ರಿಂಗು ಒಂದು ಕಡೆ ಚಿಮ್ಮಿ ಅಂಚಿಗೆ ತಾಗಿತು.

"ಹೇಳು ಇವ್ನಿಗೆ, ಸರಿಯಾಗಿ ಅದುಮೋಕೆ..."

ಚೂಟಿ ಚಾವಣಿಯ ಕಡೆ ಮುಖ ತಿರುಗಿಸಿದಳು. ಅಪ್ಪನ ಕೈಯಲ್ಲಿ ಭಾರ ಜಾರುತ್ತಿತ್ತು, ಕೆಳಗೆ ಮಗನ ಬೆರಳುಗಳಿದ್ದವು.

"ಅದುಮೋ ಕತ್ತೆ! ಬೆರಳು ಹೋಗುತ್ತೆ!"

"ಅದುಮಿದೀನಿ! ನೀವು ಎತ್ತಿ ಹಿಡೀರಿ, ಓರೆಯಾಗಿದೆ!"

"ಎತ್ತಿದೀನಲ್ಲೋ! ಆ ಕಡೆ ತುದಿ ನೋಡು, ಆ ಕಡೆ!"

"ನೋಡಿದೆ. ಈಗ ಬಿಡಿ. ಮೆಲ್ಲಗೆ. ಮೆಲ್ಲಗೇ ಅಂದೆ ಅಪ್ಪಾ!"

ರಿಂಗು ಅರ್ಧ ಒಳಗೆ ಹೋಯಿತು. ಇನ್ನರ್ಧ ಅಣ್ಣನ ಹೆಬ್ಬೆರಳಿನ ಕೆಳಗಿತ್ತು. ಅಪ್ಪನ ಮುಖ ಸಡಿಲವಾಯಿತು. ಅವರು ಮಗಳ ಕಡೆ ತಿರುಗಿ, ಏನೋ ದೊಡ್ಡ ಉಡುಗೊರೆ ಕೊಟ್ಟವರಂತೆ ಕೇಳಿದರು: "ಆಯ್ತಲ್ಲಮ್ಮ, ಮಾತಾಡಿದ್ವಿ. ಈಗ ಸಮಾಧಾನನಾ?"

ಸಮಾಧಾನ! ಅವಳಿಗೆ ಇಷ್ಟು ಹೊತ್ತೂ ಬರದಿದ್ದ ಅಳು ಆ ಮಾತಿಗೆ ಬಂತು. ಅದು ಬಂದದ್ದಕ್ಕೆ ಇನ್ನಷ್ಟು ರೇಗಿತು.

"ನಾಳೆ ರಿಂಗು ಮುರಿದು ನಾನು ಸತ್ತಿದ್ರೆ" ಎಂದಳು ಚೂಟಿ, "ಆ ಸುದ್ದೀನ ಒಬ್ಬರಿಗೊಬ್ಬರು ಯಾರ ಕೈಲಿ ಹೇಳಿ ಕಳಿಸ್ತಿದ್ರಿ?"

ಅಪ್ಪ ಕೈ ಬಿಟ್ಟರೆ ಮಗನ ಬೆರಳು ಅಪ್ಪಚ್ಚಿ. ಮಗ ಬೆರಳು ತೆಗೆದರೆ ರಿಂಗು ಎರಡು ತುಂಡು. ಇಬ್ಬರೂ ಹಿಡಿದಲ್ಲೇ ಹಿಡಿದುಕೊಂಡು, ಮೂತಿಗೆ ಮೂತಿ ತಾಗುವಷ್ಟು ಹತ್ತಿರ ಬಗ್ಗಿ ನಿಂತರು.