ಎರಡನೆಯ ಮೆತ್ತೆ

ಹೆಣದ ಬಾಯಿಗೆ ಹಾಕುವ ಅಕ್ಕಿಯ, ವಾಯ್ಕರಿಸಿಯ, ತಟ್ಟೆಯನ್ನು ಮೈದುನ ಚಿನ್ನಯ್ಯ ಮುಂದೆ ಹಿಡಿದ. ಮೂಕಮ್ಮಾಳ್ ಒಂದು ಹಿಡಿ ಅಕ್ಕಿ ತೆಗೆದುಕೊಂಡು, ಬಾಗಿ, ಸತ್ತ ಗಂಡನ ಬಾಯಿಯ ತನಕ ಒಯ್ದು ಕೈ ಹಿಂದಕ್ಕೆಳೆದುಕೊಂಡಳು.

"ಹಾಕು ಮದಿನಿ, ಹೊತ್ತಾಯ್ತು," ಎಂದ ಚಿನ್ನಯ್ಯ.

"ಹಾಕಲ್ಲ. ಆ ಇನ್ನೊಂದು ಮೆತ್ತೆ ಯಾರ್ದು ಅಂತ ಗೊತ್ತಾಗ್ಲಿ."

ಹೆಂಡತಿ ಅಕ್ಕಿ ಹಾಕದೆ ಹೆಣ ಎತ್ತುವಂತಿಲ್ಲ. ಚಪ್ಪರದ ಕೆಳಗೆ ಆಕಳಿಸುತ್ತಿದ್ದವರೆಲ್ಲ ನೆಟ್ಟಗೆ ಕೂತರು. ಹನುಮಂತನಪಟ್ಟಿಯಲ್ಲಿ ಸಾವಿಗೆ ಬಂದವರಿಗೆ ಇಂಥದ್ದು ದಿನಾ ಸಿಗುವುದಿಲ್ಲ.

ಕಾಳಿಯಪ್ಪನ್ ನಿನ್ನೆ ಮಧ್ಯಾಹ್ನ ದ್ರಾಕ್ಷಿ ತೋಟದಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಇವತ್ತು ಬೆಳಿಗ್ಗೆ ಮೀಯಿಸಲು ಉಡಿದಾರ ಕತ್ತರಿಸಿದಾಗ ಅದಕ್ಕೆ ಕಟ್ಟಿದ್ದ ಬೀಗದ ಕೈ ಸಿಕ್ಕಿತು, ತೋಟದ ಮೋಟಾರ್ ರೂಮಿನದು. ಚಿನ್ನಯ್ಯ ಹೋಗಿ ತೆಗೆದ. ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರ್, ನೆಲದ ಮೇಲೆ ಅಕ್ಕಪಕ್ಕ ಎರಡು ಮೆತ್ತೆ. ಒಂದು ದೋಸೆಯಂತೆ ಚಪ್ಪಟೆ. ಇನ್ನೊಂದು ಅದರ ಮೂರರಷ್ಟು ಎತ್ತರ. ಆ ಪುಣ್ಯಾತ್ಮ ಎರಡನ್ನೂ ತಲೆ ಮೇಲೆ ಹೊತ್ತು ನೇರ ಸಾವಿನ ಮನೆಗೇ ತಂದ.

"ಚಪ್ಪಟೆ ಇರೋದು ಭಾವಂದು," ಎಂದಳು ಅವನ ಹೆಂಡತಿ ಪಾಂಡೀಶ್ವರಿ. "ಉಬ್ಬಿರೋದು ಯಾವ ಮಹಾರಾಣಿದೋ."

*

ಆರು ವರ್ಷದ ಹಿಂದೆ ದಿಂಡಿಗಲ್ಲಿನಲ್ಲಿ ಹತ್ತು ದಿನದ ಧ್ಯಾನ ಶಿಬಿರಕ್ಕೆ ಹೋಗಿಬಂದಾಗಿನಿಂದ ಕಾಳಿಯಪ್ಪನ್ ದಿನಾ ಬೆಳಿಗ್ಗೆ ಒಂದು ಗಂಟೆ ಮೋಟಾರ್ ರೂಮಿನ ಬಾಗಿಲು ಮುಚ್ಚಿಕೊಂಡು ಕೂರುತ್ತಿದ್ದ. ಮಾತುಮಾತಿಗೆ ಉರಿದು ಬೀಳುತ್ತಿದ್ದವನು ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಣ್ಣತೊಡಗಿದ. ಮೂಕಮ್ಮಾಳಿಗೆ ಅದೇ ಅನುಮಾನ. ಗಂಡಸು ಕಾರಣವಿಲ್ಲದೆ ಒಳ್ಳೆಯವನಾಗುತ್ತಾನೆಯೇ?

"ಒಳಗೆ ಏನ್ ಮಾಡ್ತೀರಿ?"

"ಉಸಿರು ನೋಡ್ತೀನಿ. ಒಳಗೆ ಬರೋದು, ಆಚೆ ಹೋಗೋದು."

"ನೀವು ನೋಡ್ದೆ ಇದ್ರೆ ಓಡೋಗ್ತದಾ?"

ಅವನು ನಕ್ಕ. "ನೀನೂ ಬಾ. ಮನಸಿಗೆ ನೆಮ್ಮದಿ."

"ನನ್ನ ಮಂಡಿ ಮಡಚ್ತದಾ? ನೆಲಕ್ಕೆ ಕೂತ್ರೆ ಎಬ್ಸಾಕೆ ನಾಲ್ಕಾಳು ಬೇಕು. ಹೋಗಿ, ನಿಮ್ಮ ಬುದ್ಧನ್ನೇ ಪಕ್ಕದಲ್ಲಿ ಕೂರ್ಸ್ಕಳಿ."

ಅವನು ಮತ್ತೆ ಕರೆಯಲಿಲ್ಲ. ಯಾಕೆ ಕರೆಯಲಿಲ್ಲ ಎನ್ನುವುದೂ ಅವಳಿಗೆ ಅನುಮಾನವೇ ಆಯಿತು.

*

ಹನ್ನೊಂದರ ಬಸ್ಸಿಗೆ ಒಬ್ಬಳು ಇಳಿದು ಬಂದಳು. ನಲವತ್ತರ ಆಸುಪಾಸು, ಬಿಳಿ ಚೂಡಿದಾರ್, ಗಂಡಸರಂತೆ ಕತ್ತರಿಸಿದ ಕೂದಲು. ಹೆಸರು ಕಾರ್ತಿಕಾ, ಊರು ದಿಂಡಿಗಲ್ ಎಂದಳು. ಜನ ಒಮ್ಮೆ ಮೆತ್ತೆಯನ್ನು ನೋಡಿದರು, ಒಮ್ಮೆ ಅವಳನ್ನು.

ಮನೆಯಲ್ಲಿ ಕನ್ನಡ, ಹೊರಗಿನವರೊಡನೆ ತಮಿಳು ಆಡುವ ಮೂಕಮ್ಮಾಳ್ ತಮಿಳಿನಲ್ಲಿ ನೇರ ಕೇಳಿದಳು. "ಇದರ ಮೇಲೆ ಕೂರುತ್ತಿದ್ದವಳು ನೀನೇನಾ?"

"ಇಲ್ಲಮ್ಮಾ. ತಿಂಗಳಿಗೊಂದು ಭಾನುವಾರ ದಿಂಡಿಗಲ್ಲಿನಲ್ಲಿ ಇಪ್ಪತ್ತು ಜನ ಒಟ್ಟಿಗೆ ಧ್ಯಾನಕ್ಕೆ ಕೂರುತ್ತೇವೆ. ಇವರೂ ಬರುತ್ತಿದ್ದರು. ಈ ಊರು ನಾನು ನೋಡುತ್ತಿರುವುದು ಇವತ್ತೇ."

"ಯಾವ ಕಳ್ಳಿ ಒಪ್ಕಂಡವಳೆ," ಎಂದು ಪಾಂಡೀಶ್ವರಿ ಕನ್ನಡದಲ್ಲಿ ಗೊಣಗಿದಳು, ಬಂದವಳಿಗೆ ತಿಳಿಯದೆಂಬ ಧೈರ್ಯದಲ್ಲಿ.

"ಆ ಮೆತ್ತೆ ಇಲ್ಲಿ ಕೊಡು," ಎಂದಳು ಮೂಕಮ್ಮಾಳ್.

ಬೋಡಿಯಿಂದ ಇಲವಂಪಂಜು ತರಿಸಿ ಮೂವತ್ತು ವರ್ಷ ಊರ ಮದುವೆಗಳಿಗೆ ಹಾಸಿಗೆ, ದಿಂಬು ತುಂಬಿದ ಕೈ ಅದು. ಬೂರುಗದ ಮರದ ಆ ಹತ್ತಿ ಭಾರ ಬಿದ್ದಲ್ಲಿ ಗಂಟು ಕಟ್ಟುತ್ತದೆ. ಬಿಸಿಲಿಗೆ ಹಾಕಿ ಬಡಿದರೂ ಬಲ್ಲ ಬೆರಳಿಗೆ ಸಿಕ್ಕಿಬೀಳುತ್ತದೆ. ರಿಪೇರಿಗೆ ಬಂದ ದಿಂಬು ಮುಟ್ಟಿ ಯಾವ ಮನೆಯ ಗಂಡ ಜಗಲಿಯಲ್ಲಿ ಮಲಗುತ್ತಿದ್ದಾನೆ ಎಂದು ಹೇಳಿಬಿಡುತ್ತಿದ್ದಳು. ಹೇಳಿ ಬೈಸಿಕೊಂಡದ್ದೂ ಉಂಟು.

ಬಲಗೈಯ ಅಕ್ಕಿ ಬಿಡದೆ, ಹಲ್ಲಿನಿಂದ ಹೊಲಿಗೆ ಕಿತ್ತು, ಎಡಗೈಯನ್ನು ಮಣಿಕಟ್ಟಿನ ತನಕ ಒಳಗಿಟ್ಟಳು. ನಡುವೆ ತಡವಿದಳು, ಅಂಚು ತಡವಿದಳು. ಎಲ್ಲೂ ಒಂದು ಗಂಟಿಲ್ಲ.

"ಯಾರೂ ಕೂತಿಲ್ಲ," ಎಂದಳು. "ಇದ್ರ ಮೇಲೆ ಒಂದಿನಾನೂ ಯಾರೂ ಕೂತಿಲ್ಲ."

ಆಮೇಲೆ ಹೊಲಿಗೆ ನೋಡಿದಳು. ಗೋಣಿದಾರ, ಹೆಬ್ಬೆರಳುದ್ದದ ಸೊಟ್ಟ ಹೊಲಿಗೆ. "ಇವರೇ ಹೊಲ್ದಿರೋದು. ಮೆತ್ತೆ ಹೊಲಿಯೋಳ ಗಂಡ ಹೊಲ್ದಿರೋ ಚಂದ ನೋಡು."

"ಮತ್ತೆ ಇಷ್ಟೆತ್ತರ ಯಾಕೆ?" ಎಂದ ಚಿನ್ನಯ್ಯ.

ಎತ್ತರವನ್ನು ಅವನು ಕೈಯಲ್ಲಿ ತೋರಿಸಿದ್ದರಿಂದ ಕಾರ್ತಿಕಾಗೆ ಅರ್ಥವಾಯಿತು. "ಮಂಡಿ ನೋವಿದ್ದವರಿಗೆ ಅಷ್ಟು ಬೇಕು," ಎಂದಳು. "ಎಷ್ಟೆತ್ತರ ಇಡಬೇಕು ಅಂತ ನನ್ನನ್ನೇ ಕೇಳಿದ್ದರು. ಐದು ವರ್ಷದ ಮೇಲಾಯಿತು. ಯಾರಿಗೆ ಅಂತ ಹೇಳಲಿಲ್ಲ."

ಮೂಕಮ್ಮಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹೆಣದ ಕಡೆ ತಿರುಗಿದಳು.

"ಇನ್ನೊಂದು ಸಲ ಕರೀಬಾರ್ದಾಗಿತ್ತಾ? ಬಾಯಿ ಬಿದ್ದೋಗಿತ್ತಾ ನಿಮಗೆ?"

ಬೆಳಗಿನಿಂದ ಅವಳು ನಿಂತೇ ಇದ್ದಳು. ಈಗ ಮೆತ್ತೆಯನ್ನು ಗಂಡನ ತಲೆಯ ಪಕ್ಕ ನೆಲಕ್ಕಿಟ್ಟು, ಕಾರ್ತಿಕಾಳ ಹೆಗಲು ಹಿಡಿದು, ಮೆಲ್ಲಗೆ ಕೂತಳು. ಹತ್ತಿ ತಗ್ಗಿತು. ಮಂಡಿ ನೋಯಲಿಲ್ಲ.

ಮುಷ್ಟಿ ಬಿಚ್ಚಿ, ಬೆವರಿಗೆ ಅಂಗೈಗಂಟಿದ್ದ ಅಕ್ಕಿಯನ್ನು ಬಿಡಿಸಿ ಬಿಡಿಸಿ ಅವನ ಬಾಯಿಗೆ ಹಾಕಿದಳು. ಕಿತ್ತ ಹೊಲಿಗೆಯಿಂದ ಹಾರಿದ ಒಂದೆಳೆ ಹತ್ತಿ ಅವನ ಮೂಗಿನ ಕೆಳಗೆ ಕೂತಿತ್ತು. ಅದು ಅಲುಗಿತು. ಅವಳು ಬೆಚ್ಚಿದಳು. ಬಾಗಿದ್ದ ಅವಳದೇ ಉಸಿರು ಅದಕ್ಕೆ ತಾಗುತ್ತಿತ್ತು. ಹೊರಗೆ ಮೇಳದವರು ಶುರು ಮಾಡಿದರು, ಚಿನ್ನಯ್ಯ "ಏಳು ಮದಿನಿ" ಎಂದ. ಅವಳು ಏಳದೆ ನೋಡುತ್ತಿದ್ದಳು. ಎಳೆ ಅಲುಗುವುದು, ನಿಲ್ಲುವುದು, ಮತ್ತೆ ಅಲುಗುವುದು.