ವೀಳ್ಯದೆಲೆ ಮುಚ್ಚಿಟ್ಟದ್ದು

ನಮ್ಮ ಯಜಮಾನರು ಕಲ್ಲಣ್ಣ ಸೋಲಾಪುರದಲ್ಲಿ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ನಮ್ಮೂರು ಕರಜಗಿಗೆ ಬಂದ ಮೇಲೆ, ಊಟ ಮುಗಿದ ಕೂಡಲೇ ವೀಳ್ಯದೆಲೆ ಮೆಲ್ಲುವ ಹೊಸ ಚಟ ಹಚ್ಚಿಕೊಂಡರು. ತಂಬಾಕು ಬಿಟ್ಟಿದ್ದಾರಲ್ಲ, ಎಲೆಯಾದರೂ ತಿನ್ನಲಿ ಎಂದು ನಾನೇ ಸುಣ್ಣ, ಕಾಚು ಹಚ್ಚಿ ಮಡಚಿ ಕೊಡುತ್ತಿದ್ದೆ. ಅಷ್ಟು ದಡ್ಡಿ ನಾನು.

ಶ್ರಾವಣ ಸೋಮವಾರ ಉಪವಾಸ, ಎಲೆ ಹಾಕುವಂತಿಲ್ಲ. ಅವತ್ತು ಅವರ ತಾಟಿನ ಬಿಳಿ ಸಾಬೂದಾಣಿ, ಅಂದರೆ ಸಬ್ಬಕ್ಕಿ ಖಿಚಡಿಯಲ್ಲಿ ಕೆಂಪು ಕಲೆ ಕಂಡಿತು.

"ಏನ್ರಿ ಇದು?"

"ವಸಡಿನ ರಕ್ತ. ಮೂರು ತಿಂಗಳಾತು. ಗೊತ್ತಾದ್ರ ಮತ್ತ ದವಾಖಾನಿಗೆ ಎಳಕೊಂಡ ಹೋಗತಿ ಅಂತ ಎಲಿ ತಿಂದು ಮುಚ್ಚೀನಿ."

ಉಸಿರು ಸಾಲದಷ್ಟು ಬೈದೆ. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಇದರಿಂದ ಹೃದಯದ ಆ ನಾಳ ಮತ್ತೆ ಕಟ್ಟಿಕೊಂಡರೆ ನಾನೇನು ಮಾಡಲಿ? ಮರುದಿನವೇ ಎಸ್‌ಟಿ ಬಸ್ಸು ಹತ್ತಿಸಿ, ಸೋಲಾಪುರದ ವಿಜಾಪುರ ರಸ್ತೆಯ ಹಲ್ಲಿನ ಡಾಕ್ಟರು ಪ್ರಣಿತಾ ಅವರ ಮುಂದೆ ಕೂಡಿಸಿದೆ.

"ಕಾಕಾ, ವಸಡಿಗೆ ಸೋಂಕು ಆಗೈತಿ. ರಕ್ತ ತೆಳು ಮಾಡೋ ಗುಳಿಗಿ ಇದಾವಲ್ಲ, ಅದಕ್ಕ ಜಾಸ್ತಿ ಸೋರಾಕತ್ತೈತಿ. ಗುಳಿಗಿ ಮಾತ್ರ ಬಿಡಬ್ಯಾಡ್ರಿ," ಎಂದರು ಡಾಕ್ಟರು.

"ಈ ಸೋಂಕಿಗೂ ಇವರ ನಾಳಕ್ಕೂ ಏನರ ಸಂಬಂಧ ಐತೇನ್ರಿ?" ಎಂದೆ.

"ಇರಬಹುದ್ರಿ ಆಯಿ. ಬಾಯಾಗಿನ ಬ್ಯಾಕ್ಟೀರಿಯಾ ರಕ್ತದಾಗ ಹೋಗತಾವು. ವಸಡು ಕೆಟ್ಟವರಿಗೆ ನಾಳದ ಬ್ಯಾನಿ ಜಾಸ್ತಿ ಕಾಣತೈತಿ. ಇದರಿಂದನ ಅದು ಬರತೈತಿ ಅಂತ ಇನ್ನೂ ಪಕ್ಕಾ ಆಗಿಲ್ಲ. ಸ್ವಚ್ಛ ಮಾಡಿಸಿದ್ರ ಬಾಯಿಗಂತೂ ಛಲೋ."

ಅರ್ಧ ತಾಸು ಸ್ವಚ್ಛ ಮಾಡಿದರು. ಯಜಮಾನರು ಬಾಯಿ ಮುಕ್ಕಳಿಸಿ ಕುರ್ಚಿಯಿಂದ ಇಳಿದವರು ಹೊರಗೆ ನಡೆಯಲಿಲ್ಲ.

"ಈಕಿದೂ ನೋಡ್ರಿ. ಎರಡು ವರ್ಷಾತು, ಒಂದ ಕಡಿಗಷ್ಟ ಅಗಿತಾಳ."

ಮದುವೆಗೆ ಮೊದಲಿನಿಂದಲೂ ಹಲ್ಲಿಗೆ ಸುಟ್ಟ ತಂಬಾಕಿನ ಮಿಶ್ರಿ ತಿಕ್ಕುವವಳು ನಾನು. ಎಡದವಡೆಯ ಎರಡು ಹಲ್ಲು ಅಲುಗಾಡುವುದನ್ನು ಯಾರಿಗೂ ಹೇಳಿರಲಿಲ್ಲ.

"ನನಗ್ಯಾಕ? ನನ್ನ ಎದಿ ಗಟ್ಟಿ ಐತಿ."

"ಯಾರ ನೋಡ್ಯಾರ?" ಎಂದರು ಯಜಮಾನರು.

ಹೌದು, ಯಾರೂ ನೋಡಿರಲಿಲ್ಲ. ಆದರೆ ದಿನಾ ಎದುರಿಗೆ ಕೂತು ಉಣ್ಣುವ ಈ ಮನುಷ್ಯ ನೋಡಿದ್ದರು. ನನಗೆ ನಾಚಿಕೆಯೂ ಆಯಿತು, ಹೇಳಲಾಗದಷ್ಟು ಖುಷಿಯೂ ಆಯಿತು. ಕುರ್ಚಿಯಲ್ಲಿ ಕೂತು, ಎರಡು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಬೈಯಲು ಬಾಯಿ ತೆರೆದೆ.

"ಹಾಂ ಆಯಿ, ಹಂಗ ಇರ್ರಿ," ಎಂದು ಡಾಕ್ಟರು ದೀಪ ಹಿಡಿದರು.