ಅಮ್ಮನ ರಕ್ತಪಿಶಾಚಿ

ನಮ್ಮ ಸಂಪಾದಕರ ಹೆಸರೆತ್ತಿದರೆ ಈಗಲೂ ನನಗೆ ಮೈ ಉರಿಯುತ್ತದೆ. ನನ್ನ ಮೇಲೆ ನನಗಿರುವ ಉರಿ ಅದಕ್ಕೂ ಹೆಚ್ಚು.

ಅಮ್ಮ ಮೂವತ್ತು ವರ್ಷದ ಹಿಂದೆ ಒಂದೇ ಒಂದು ಕಾದಂಬರಿ ಬರೆದಳು. ಅದರಲ್ಲಿ ಸತ್ತು ರಕ್ತಪಿಶಾಚಿಯಾದವನು ಬೇರೆಲ್ಲೂ ಹೋಗದೆ ತನ್ನ ಮನೆ ಬಾಗಿಲಿಗೇ ಬರುತ್ತಾನೆ. ಊದಿದ ಮೈ, ಗಬ್ಬು ನಾತ. ಹೆಂಡತಿ ಒಳಗಿನಿಂದ ಚಿಲಕ ಹಾಕಿ, ಮಗಳ ಬಾಯಿ ಮುಚ್ಚಿ ಹಿಡಿದು ಕೂರುತ್ತಾಳೆ. ಎಷ್ಟು ಬಡಿದರೂ ತೆಗೆಯುವುದಿಲ್ಲ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಆ ಪಿಶಾಚಿ ನನ್ನ ಅಪ್ಪ, ಆ ಮಗಳು ನಾನು. ಅಪ್ಪ ಆಗ ಬದುಕಿದ್ದ, ಅಷ್ಟೇ ವ್ಯತ್ಯಾಸ.

ನಾನು ಕರಡು ತಿದ್ದುವ ಪ್ರಕಾಶನದವರೇ ಅದನ್ನು ಮರುಮುದ್ರಣಕ್ಕೆ ಎತ್ತಿಕೊಂಡರು. ಅಮ್ಮ ಕುಣಿಯುವುದೊಂದು ಬಾಕಿ. "ಒಂದಕ್ಷರ ಬದಲಾಗಬಾರದು, ನೀನೇ ನೋಡ್ಕೋ," ಎಂದಳು.

ಸಂಪಾದಕರು ನನ್ನನ್ನು ಕೂರಿಸಿಕೊಂಡು ಪಾಠ ಶುರು ಮಾಡಿದರು. "ನೋಡಮ್ಮ, ಮೊದಲಿನ ಕಥೆಗಳಲ್ಲಿ ಪಿಶಾಚಿ ಅಂದ್ರೆ ಗೋರಿಯಿಂದ ಎದ್ದ ಹೆಣ. ಆಮೇಲೆ ಕೋಟು ಹಾಕ್ಕೊಂಡು ಅರಮನೆ ಸೇರ್ಕೊಂಡ, ದೊಡ್ಡಮನುಷ್ಯ ಆದ. ಈಗ ಪ್ರೇಮಿ. ಪಶ್ಚಾತ್ತಾಪ ಪಡ್ತಾನೆ, ಅಳ್ತಾನೆ. ಓದುಗರಿಗೆ ಅದೇ ಬೇಕು."

"ಕಚ್ಚೋದು ಬಿಟ್ಟಿದ್ದಾನಾ?"

"ಕಚ್ತಾನೆ. ಆದ್ರೆ ಅವನ ನೋವೂ ಅರ್ಥ ಮಾಡ್ಕೋಬೇಕಲ್ಲ."

"ಕಚ್ಚಿಸಿಕೊಂಡೋಳ ನೋವು ಯಾರು ಅರ್ಥ ಮಾಡ್ಕೋತಾರೆ, ಸರ್? ಅಮ್ಮನ ಪುಸ್ತಕ ಇದ್ದ ಹಾಗೇ ಇರ್ಲಿ."

ಅವರು ನಕ್ಕು "ಆಯ್ತು" ಎಂದರು. ನಾನು ನಂಬಿದೆ, ದಡ್ಡಿ.

ಕರಡು ಬಂತು. ಅರ್ಥದ ಹಿಂದೆ ಹೋದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲವೆಂದು ನಮ್ಮ ಕಸುಬಿನಲ್ಲಿ ಕೆಲವರು ಕೊನೆಯ ವಾಕ್ಯದಿಂದ ಹಿಂದಕ್ಕೆ ಓದುತ್ತಾರೆ. ನನಗೂ ಅದೇ ಅಭ್ಯಾಸ. ನಿಜ ಹೇಳಬೇಕೆಂದರೆ, ಆ ಬಾಗಿಲು ಬಡಿಯುವ ಪುಟಗಳನ್ನು ನೇರವಾಗಿ ಓದುವ ಧೈರ್ಯವೂ ನನಗಿರಲಿಲ್ಲ. ಬಿಡಿ ಬಿಡಿ ವಾಕ್ಯ ನೋಡಿದೆ, ಹಳೆಯ ಪುಸ್ತಕದ ಜೊತೆ ಹೋಲಿಸಲಿಲ್ಲ. ಕೊನೆಯ ಪುಟಗಳಲ್ಲಿ ಕೆಲವು ವಾಕ್ಯ ಮುಗ್ಗರಿಸುತ್ತಿದ್ದವು, ಅಚ್ಚಿನ ತಪ್ಪೆಂದುಕೊಂಡು ನಯ ಮಾಡಿದೆ. ಸಹಿ ಹಾಕಿ ಅಚ್ಚಿಗೆ ಕಳಿಸಿದೆ.

ಪುಸ್ತಕ ಅಚ್ಚಾಗಿ ಬಂದ ದಿನ ಕಚೇರಿಯಲ್ಲಿ ನಿಂತೇ ಕೊನೆಯ ಅಧ್ಯಾಯ ಓದಿದೆ. ಪಿಶಾಚಿ ಈಗ ತೆಳ್ಳಗೆ, ಬೆಳ್ಳಗೆ ಇದ್ದ. ಹೊಸ್ತಿಲಲ್ಲಿ ಮಂಡಿಯೂರಿ ಕ್ಷಮೆ ಕೇಳುತ್ತಿದ್ದ. ಹೆಂಡತಿ ಅತ್ತು, ಚಿಲಕ ತೆಗೆದು, ಅವನನ್ನು ಒಳಗೆ ಕರೆದುಕೊಂಡಳು.

ಪುಸ್ತಕವನ್ನು ಸಂಪಾದಕರ ಮೇಜಿನ ಮೇಲೆ ಎಸೆದೆ. "ಇದು ನಿಮ್ಮಮ್ಮನ ಮನೆ ಬಾಗಿಲಾ, ನಿಮ್ಮಿಷ್ಟಕ್ಕೆ ತೆಗೆಯೋಕೆ?" ಎಂದು ಇಡೀ ಕಚೇರಿ ಕೇಳುವಂತೆ ಕೂಗಿದೆ. ಅವರು ಕರಡು ತೆಗೆದು ನನ್ನ ಸಹಿಯ ಮೇಲೆ ಬೆರಳಿಟ್ಟರು.

ಮನೆಗೆ ಓಡಿದೆ. ಅಮ್ಮನ ಪ್ರತಿ ಆಗಲೇ ಅವಳ ಕೈ ಸೇರಿತ್ತು. ಓದಿ ಮುಗಿಸಿ, ಕನ್ನಡಕ ತೆಗೆದು ಕೂತಿದ್ದಳು.

"ಕ್ಷಮೆ ಕೇಳೋ ಮಾತೆಲ್ಲ ಯಾರದ್ದು?"

"ಸಂಪಾದಕರದ್ದು," ಎಂದೆ. ಸುಳ್ಳಿಗೆ ನಾಲಿಗೆ ಹೊರಳಲಿಲ್ಲ. "ತಿದ್ದಿದ್ದು ನಾನು."

"ಚೆನ್ನಾಗಿ ತಿದ್ದಿದೀಯ. ನಿಮ್ಮಪ್ಪಂಗೆ ಇಷ್ಟು ನಯವಾಗಿ ಮಾತಾಡೋಕೆ ಬರ್ತಿರ್ಲಿಲ್ಲ," ಎಂದಳು ಅಮ್ಮ. "ಬಂದಿದ್ರೆ ಅವತ್ತೇ ಬಾಗಿಲು ತೆಗೆದುಬಿಡ್ತಿದ್ದೆ. ನೀನು ಉಳೀತಿರ್ಲಿಲ್ಲ."